ಕೊಡುಗೈ ದಾನಿ ಹಾಜಿ ಅಬ್ದುಲ್ಲಾ ಸಾಹೇಬರು

ಬೆಳ್ಳಿಹಬ್ಬದ ಸಂಚಿಕೆಗೆ ನಿರ್ದೇಶಕರೆಲ್ಲ ಒಂದೊಂದು ಲೇಖನ ಕೊಡಲೇಬೇಕು ಎಂದು ನಮ್ಮ ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ನಾನು ಎಸ್ಸೆಸ್ಸೆಲ್ಸಿ ಓದಿ ಗದ್ದೆಗೆ ಇಳಿದವ. ಬರೆಯುವುದೆಂದರೆ ಸಾಲದ ಅರ್ಜಿ, ಬೆಳೆ ವಿಮೆಯ ಅರ್ಜಿ, ಅಷ್ಟೇ. ಆದರೂ ಒಬ್ಬ ಹಿರಿಯರ ಬಗ್ಗೆ ನಾಲ್ಕು ಮಾತು ಬರೆಯುವ ಆಸೆ ನನಗೆ ಮೊದಲಿನಿಂದ ಇತ್ತು. ತಪ್ಪಿದ್ದರೆ ಸದಸ್ಯ ಬಾಂಧವರು ತಿದ್ದಿಕೊಂಡು ಓದಬೇಕಾಗಿ ವಿನಂತಿ.

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ನಮ್ಮ ಹೆಂಗಸರಿಗೆ ಉಡುಪಿಯ ಹೆಂಗಸರ ಮತ್ತು ಮಕ್ಕಳ ಸರಕಾರಿ ಆಸ್ಪತ್ರೆ ಗೊತ್ತು. ಹೆರಿಗೆ ಸ್ವಲ್ಪ ಕಷ್ಟ ಎಂದು ಇಲ್ಲಿಯ ಡಾಕ್ಟ್ರು ಹೇಳಿದರೆ ಬಡವರು ಹೊರಡುವುದು ಅಲ್ಲಿಗೇ. ನನ್ನ ತಂಗಿಯ ಮೊದಲ ಮಗು ಹುಟ್ಟಿದ್ದೂ ಅಲ್ಲೇ. ಆ ರಾತ್ರಿ ಹೊರಗೆ ಜಗಲಿಯಲ್ಲಿ ಕೂತು ಬೆಳಗು ಮಾಡಿದೆ. ಆ ಜಾಗ ಯಾರು ಕೊಟ್ಟದ್ದು ಎಂತ ನಾನಾಗ ಕೇಳಲೇ ಇಲ್ಲ. ಮಗು ಅತ್ತ ಸದ್ದು ಕೇಳಿದ ಮೇಲೆ ಬೇರೆ ಎಂತದೂ ತಲೆಗೆ ಹೋಗಲಿಲ್ಲ ಬಿಡಿ.

ಜಾಗ ಕೊಟ್ಟವರು ಹಾಜಿ ಅಬ್ದುಲ್ಲಾ ಸಾಹೇಬರು. ಹುಟ್ಟಿದ್ದು 1882ರಲ್ಲಿ. ತಂದೆ ಹಾಜಿ ಕಾಸಿಂ ಸಾಹೇಬರು. ಉಡುಪಿಯ ಅನುಕೂಲಸ್ಥ ಮನೆತನ. ಆಗ ನಮ್ಮದು ಮದ್ರಾಸು ಪ್ರಾಂತ್ಯಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆ. ಕುಂದಾಪುರದವರು ಉಡುಪಿಗೆ ಹೋಗಬೇಕಾದರೆ ಹೊಳೆ ಹೊಳೆಗೂ ದೋಣಿ ಹತ್ತಬೇಕಿತ್ತು. ಬ್ಯಾಂಕು ಎಂಬ ಶಬ್ದವೇ ರೈತರಿಗೆ ಗೊತ್ತಿರಲಿಲ್ಲ. ಮದುವೆ, ಔಷಧಿ, ಬಿತ್ತನೆ ಏನೇ ಬಂದರೂ ಸಾಹುಕಾರನ ಬಾಗಿಲು. ಬಡ್ಡಿ ಕಟ್ಟಿ ಕಟ್ಟಿ ಕಡೆಗೆ ಗದ್ದೆಯೇ ಕೈಬಿಟ್ಟು ಹೋದ ಕತೆ ಯಾವ ಊರಿನಲ್ಲಿ ಇಲ್ಲ ಹೇಳಿ?

ಸಾಹೇಬರು ಸ್ವತಃ ಹಣವಂತರು. ತಾವೂ ಬಡ್ಡಿಗೆ ಕೊಟ್ಟು ಆರಾಮವಾಗಿ ಇರಬಹುದಿತ್ತು. ಅದನ್ನು ಬಿಟ್ಟು ಊರಿನ ಕೆಲವು ಹಿರಿಯರನ್ನು ಸೇರಿಸಿಕೊಂಡು 1906ನೇ ಇಸವಿ ಮಾರ್ಚ್ 12ರಂದು ಉಡುಪಿಯಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಶುರು ಮಾಡಿದರು. ಅವರೇ ಸ್ಥಾಪಕ ಅಧ್ಯಕ್ಷರು. ಆಗ ಅವರಿಗೆ ಇನ್ನೂ ಇಪ್ಪತ್ತನಾಲ್ಕರ ಆಸುಪಾಸು. ಆರಂಭದ ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಲೆಕ್ಕದಲ್ಲಿ ಇದ್ದದ್ದು 38 ರೂಪಾಯಿ 13 ಆಣೆ 2 ಪೈ! ನಮ್ಮ ಸಂಘ ಬಾಡಿಗೆ ಕೋಣೆಯಲ್ಲಿ ಶುರುವಾದಾಗ ನಗಾಡಿದವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಎಲ್ಲ ವರ್ಗದ ಜನರಿಗೂ ಉಳಿತಾಯದ ಅಭ್ಯಾಸ ಆಗಬೇಕು ಎಂಬುದು ಬ್ಯಾಂಕಿನ ಉದ್ದೇಶವಾಗಿತ್ತು. ಅದೇ ವರ್ಷ ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಇನ್ನೊಂದು ಬ್ಯಾಂಕು ಕಟ್ಟಿದರು, ಅದು ಇವತ್ತಿನ ಕೆನರಾ ಬ್ಯಾಂಕು. ಒಂದೇ ಜಿಲ್ಲೆ, ಒಂದೇ ವರ್ಷ, ಒಬ್ಬರು ಮುಸಲ್ಮಾನರು, ಒಬ್ಬರು ಗೌಡ ಸಾರಸ್ವತರು. ಸಾಹೇಬರ ಬ್ಯಾಂಕು ತನ್ನ ಮೊದಲ ಶಾಖೆ ತೆರೆದದ್ದು ಎಲ್ಲಿ ಗೊತ್ತುಂಟಾ? ನಮ್ಮ ಕುಂದಾಪುರದಲ್ಲಿ, 1923ರಲ್ಲಿ. ಮಂಗಳೂರಿನಲ್ಲಿ ಶಾಖೆ ಆದದ್ದು ಅದರ ನಂತರ. ಈ ಬ್ಯಾಂಕಿಗೆ 1972ರಲ್ಲಿ ಕಾರ್ಪೊರೇಶನ್ ಬ್ಯಾಂಕ್ ಎಂಬ ಹೆಸರಾಯಿತು, 1980ರಲ್ಲಿ ರಾಷ್ಟ್ರೀಕರಣವಾಯಿತು, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಹಳೆಯ ಪಾಸ್‌ಬುಕ್ಕು ನಮ್ಮ ಮನೆಯ ಪೆಟ್ಟಿಗೆಯಲ್ಲಿ ಈಗಲೂ ಉಂಟು.

ಸರಕಾರ ಅವರಿಗೆ ಖಾನ್ ಬಹಾದ್ದೂರ್ ಬಿರುದು ಕೊಟ್ಟಿತ್ತು. ಜನ ಮಾತ್ರ ನೆನಪಿಟ್ಟದ್ದು ಅವರ ದಾನವನ್ನು. ಅಕ್ಕಿಗೆ ತತ್ವಾರ ಬಂದ ಕಾಲದಲ್ಲಿ ಹಸಿದವರಿಗೆ ಅಕ್ಕಿ ಹಂಚಿದರು, ಕೃಷ್ಣ ಮಠದ ದೀಪೋತ್ಸವಕ್ಕೆ ಎಣ್ಣೆ ಸಾಲದೆ ಹೋದಾಗ ಎಣ್ಣೆ ಕಳಿಸಿದರು ಎಂದು ಉಡುಪಿಯ ಹಿರಿಯರು ಹೇಳುತ್ತಾರೆ. ಕೊಡುವಾಗ ಜಾತಿ ಕೇಳದ ಮನುಷ್ಯ ಎಂದು ಇಂತಹ ಮಾತು ಊರೂರಿನಲ್ಲಿ ಉಳಿದಿದೆ.

ದೊಡ್ಡ ದಾನ ಎಂದರೆ ಆಸ್ಪತ್ರೆಯದ್ದು. ಉಡುಪಿ ಪೇಟೆಯ ನಡುವೆ ನಾಲ್ಕು ಎಕ್ರೆಗೆ ಹತ್ತಿರದ ಜಾಗ. ಅದನ್ನು ಹೆಂಗಸರು ಮಕ್ಕಳ ಚಿಕಿತ್ಸೆಗಾಗಿ ಸರಕಾರಕ್ಕೆ ಬಿಟ್ಟುಕೊಟ್ಟರು. ಹೆರಿಗೆಯಲ್ಲಿ ತಾಯಿ ಉಳಿಯುವುದೇ ದೇವರ ದಯೆ ಎಂದಿದ್ದ ಕಾಲ ಅದು. 1935ರ ಆಗಸ್ಟಿನಲ್ಲಿ ಅವರು ತೀರಿಕೊಂಡರು. ಐವತ್ತಮೂರು ಏನು ಮಹಾ ವಯಸ್ಸು?

ದಾನ ಕೊಟ್ಟವರು ಹೋದ ಮೇಲೆ ದಾನದ ಗತಿ ಏನು ಎಂಬುದು ನನ್ನನ್ನು ಬಹಳ ಕಾಡಿದ ಪ್ರಶ್ನೆ. 2016ರಲ್ಲಿ ಸರಕಾರ ಈ ಆಸ್ಪತ್ರೆಯನ್ನು ಕಟ್ಟಿ ನಡೆಸುವುದಕ್ಕೆ ಒಂದು ಖಾಸಗಿ ಸಂಸ್ಥೆಗೆ ವಹಿಸಲು ಹೊರಟಿತು. ಬಡವರಿಗಾಗಿ ಸರಕಾರಕ್ಕೆ ಕೊಟ್ಟ ಜಾಗ ಹೀಗೆ ಕೈಬದಲಾಗಬಾರದು ಎಂದು ಊರಿನ ಹಲವರು ವಿರೋಧಿಸಿದರು. 2017ರಲ್ಲಿ 200 ಹಾಸಿಗೆಯ ಹೊಸ ಕಟ್ಟಡ ಎದ್ದಿತು, ಚಿಕಿತ್ಸೆ ಉಚಿತವಾಗಿಯೇ ನಡೆಯಿತು, ಅದನ್ನು ಇಲ್ಲ ಎನ್ನಬಾರದು. ಆದರೆ ಸಂಸ್ಥೆಗೆ ಕಷ್ಟ ಬಂದು ನೌಕರರಿಗೆ ಸಂಬಳವೇ ಇಲ್ಲ ಎಂಬಲ್ಲಿಗೆ ಬಂತು. 2022ರಲ್ಲಿ ಸರಕಾರವೇ ವಾಪಾಸು ವಹಿಸಿಕೊಂಡಿತು. ಇಷ್ಟೆಲ್ಲ ಆದರೂ ಹಾಜಿ ಅಬ್ದುಲ್ಲಾ ಎಂಬ ಹೆಸರು ಆ ಆಸ್ಪತ್ರೆಯನ್ನು ಬಿಟ್ಟು ಹೋಗಲಿಲ್ಲ.

ಇದನ್ನು ಇಲ್ಲಿ ಬರೆಯುವುದಕ್ಕೆ ಒಂದು ಕಾರಣ ಉಂಟು ಮಾರಾಯ್ರೆ. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಗೋದಾಮಿನ ಪಕ್ಕದ 10 ಸೆಂಟ್ಸ್ ಜಾಗವನ್ನು ಊರಿನವರಿಗೆ ಔಷಧಿ ಅಂಗಡಿ, ವಾರಕ್ಕೊಮ್ಮೆ ಡಾಕ್ಟ್ರು ಕೂರುವ ಕೋಣೆ ಮಾಡಲಿ ಎಂದು ಬಾಯಿಮಾತಿನಲ್ಲಿ ಕೊಟ್ಟಿದ್ದಾರೆ. ಅವರಿಗೆ ಈಗ ಎಂಬತ್ತು ದಾಟಿತು. ಬಾಡಿಗೆ ಬರುವ ಕಟ್ಟಡ ಕಟ್ಟಿದರೆ ಲಾಭಾಂಶ ಹೆಚ್ಚು ಹಂಚಬಹುದು ಎಂದು ಆಡಳಿತ ಮಂಡಳಿಯಲ್ಲೇ ಕೆಲವರ ಮಾತು. ಅದೂ ಸುಳ್ಳಲ್ಲ, ಬಾಡಿಗೆ ಬರುತ್ತದೆ. ನಾನು ಮಾತ್ರ ಜಾಗ ಯಾತಕ್ಕೆ ಕೊಟ್ಟದ್ದು ಎಂಬುದು ದಾನಪತ್ರದಲ್ಲಿ ಅಕ್ಷರದಲ್ಲಿ ಬರಬೇಕು, ರಿಜಿಸ್ಟ್ರಿ ಆಗಬೇಕು ಎಂದು ಪಟ್ಟು ಹಿಡಿದಿದ್ದೇನೆ. ಧರ್ಮನಿಧಿಯಿಂದ ರಿಜಿಸ್ಟ್ರಿ ಖರ್ಚು ಹಾಕುವ ವಿಷಯ ಮುಂದಿನ ಮಹಾಸಭೆಗೆ ಬರುತ್ತದೆ. ಸದಸ್ಯರೆಲ್ಲ ಅವತ್ತು ಊಟದ ಹೊತ್ತಿಗೆ ಬಾರದೆ ಬೆಳಿಗ್ಗೆಯೇ ಬರಬೇಕು.