ಬೆಳಕಿನ ಉಪಾಸಕ ಅರಾಗೋ

ರಾತ್ರಿಯ ಆಕಾಶದಲ್ಲಿ ನಾವು ಕಾಣುವ ನಕ್ಷತ್ರದ ಬೆಳಕು ಎಷ್ಟೋ ವರ್ಷಗಳ ಹಿಂದೆ ಅಲ್ಲಿಂದ ಹೊರಟುದು. ಅದರಲ್ಲಿ ಕೆಂಪು, ಹಸುರು, ನೀಲಿ ಮೊದಲಾದ ಕಿರಣಗಳೆಲ್ಲ ಬೆರೆತಿವೆ. ಒಟ್ಟಿಗೆ ಹೊರಟ ಈ ಕಿರಣಗಳು ಒಟ್ಟಿಗೇ ಬಂದು ಸೇರುತ್ತವೆಯೆ? ಇಲ್ಲವೆ ಒಂದು ಮುಂದಾಗಿ ಇನ್ನೊಂದು ಹಿಂದುಳಿಯುತ್ತದೆಯೆ? ಈ ಪ್ರಶ್ನೆಗೆ ಆಕಾಶದಲ್ಲಿಯೇ ಉತ್ತರವನ್ನು ಅರಸಿದವನು ಫ್ರಾಂಸ್ವಾ ಅರಾಗೋ.

ಅರಾಗೋ 1786ನೆಯ ಫೆಬ್ರವರಿ 26ರಂದು ದಕ್ಷಿಣ ಫ್ರಾನ್ಸಿನ ಎಸ್ತಾಜೆಲ್ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ಪ್ಯಾರಿಸಿನಲ್ಲಿ ವ್ಯಾಸಂಗ ಮಾಡಿ, 1806ರಲ್ಲಿ ಭೂಮಿಯ ಮಧ್ಯಾಹ್ನರೇಖೆಯ ಚಾಪವನ್ನು ಅಳೆಯುವ ಕಾರ್ಯಕ್ಕಾಗಿ ಬಿಯೋ ಎಂಬ ವಿಜ್ಞಾನಿಯೊಡನೆ ಸ್ಪೇನಿಗೆ ತೆರಳಿದನು. 1808ರಲ್ಲಿ ಅವನು ಮಯೋರ್ಕಾ ದ್ವೀಪದಲ್ಲಿದ್ದಾಗ ಫ್ರಾನ್ಸಿಗೂ ಸ್ಪೇನಿಗೂ ಯುದ್ಧ ಹತ್ತಿಕೊಂಡಿತು. ಅಳತೆಗಾಗಿ ಬೆಟ್ಟದ ಮೇಲೆ ಅವನು ಉರಿಸುತ್ತಿದ್ದ ದೀಪಗಳು ಶತ್ರುಸೈನ್ಯಕ್ಕೆ ಕೊಡುವ ಸಂಕೇತಗಳೆಂದು ಜನರು ಶಂಕಿಸಿದರು. ಸೆರೆವಾಸ, ಪಲಾಯನ, ಸಮುದ್ರದಲ್ಲಿ ಮತ್ತೆ ಬಂಧನ, ಬಿರುಗಾಳಿ - ಹೀಗೆ ಕಷ್ಟದ ಮೇಲೆ ಕಷ್ಟಗಳು ಬಂದೊದಗಿದವು. ಆದರೂ ಅವನು ಅಳತೆಯ ಕಾಗದಗಳನ್ನು ಪ್ರಾಣದಂತೆ ಕಾಪಾಡಿಕೊಂಡು 1809ರಲ್ಲಿ ತಾಯ್ನಾಡನ್ನು ಸೇರಿದನು. ಅದೇ ವರ್ಷ, ಇನ್ನೂ 23ರ ಹರೆಯದಲ್ಲಿ, ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಸದಸ್ಯನಾಗಿ ಆಯ್ಕೆಗೊಂಡನು.

ಅಲ್ಲಿಂದ ಮುಂದೆ ಪ್ಯಾರಿಸಿನ ವೇಧಶಾಲೆಯೇ ಅವನ ಕರ್ಮಭೂಮಿಯಾಯಿತು. ಬೆಳಕು ಅಲೆಗಳಾಗಿ ಹರಡುತ್ತದೆಂದು ಸಾರಿದ ತರುಣ ಫ್ರೆನೆಲನಿಗೆ ಅರಾಗೋ ಬೆಂಬಲವಾಗಿ ನಿಂತನು. ಜನಸಾಮಾನ್ಯರಿಗೂ ಖಗೋಳವಿಜ್ಞಾನವನ್ನು ತಿಳಿಯಪಡಿಸಲು ಅನೇಕ ವರ್ಷಗಳ ಕಾಲ ಉಪನ್ಯಾಸಗಳನ್ನು ನೀಡಿದನು.

ಬಣ್ಣಗಳ ವೇಗವನ್ನು ಕುರಿತ ಪ್ರಶ್ನೆಗೆ ಅವನು ಆರಿಸಿಕೊಂಡ ಸಾಕ್ಷಿ ಆಲ್ಗೋಲ್ ಎಂಬ ನಕ್ಷತ್ರ. ಇದು ಸುಮಾರು 2 ದಿನ 21 ಗಂಟೆಗಳಿಗೊಮ್ಮೆ ಮಂಕಾಗಿ ಮತ್ತೆ ಬೆಳಗುತ್ತದೆ. ಕೆಂಪು ಕಿರಣವು ನೀಲಿಗಿಂತ ಬೇಗನೆ ಬರುವುದಾದರೆ, ನಕ್ಷತ್ರವು ಮಂಕಾಗತೊಡಗಿದಾಗ ಮೊದಲು ಕೆಂಪು ಕುಗ್ಗಿ, ಅದು ನೀಲಿಯಾಗಿ ತೋರಬೇಕು. ಮತ್ತೆ ಬೆಳಗುವಾಗ ಕೆಂಪು ಛಾಯೆ ಮೊದಲು ಕಾಣಬೇಕು. ದಾರಿ ಬಹು ದೂರವಾದುದರಿಂದ ವೇಗದ ಅತ್ಯಲ್ಪ ವ್ಯತ್ಯಾಸವೂ ಕೂಡಿ ಕೂಡಿ ದೊಡ್ಡದಾಗಬೇಕು. ಆದರೆ ಅಂತಹ ಬಣ್ಣದ ಬದಲಾವಣೆ ಕಾಣಲಿಲ್ಲ. ಆದ್ದರಿಂದ ಶೂನ್ಯದಲ್ಲಿ ಎಲ್ಲ ಬಣ್ಣಗಳೂ ಸಮವೇಗದಿಂದ ಸಾಗುತ್ತವೆಂದು ಅವನು ತರ್ಕಿಸಿದನು.

ಗಾಳಿ ಮತ್ತು ನೀರಿನಲ್ಲಿ ಬೆಳಕಿನ ವೇಗವನ್ನು ಹೋಲಿಸಲು 1838ರಲ್ಲಿ ಅವನು ತಿರುಗುವ ಕನ್ನಡಿಯ ಪ್ರಯೋಗವನ್ನು ಸೂಚಿಸಿದನು. ಆದರೆ ಅದನ್ನು ನಡೆಸುವ ಮೊದಲೇ ಅವನ ದೃಷ್ಟಿ ಮಂದವಾಯಿತು. ಬದುಕೆಲ್ಲ ಬೆಳಕನ್ನು ಅರಸಿದವನನ್ನು ಕತ್ತಲೆ ಆವರಿಸತೊಡಗಿತು. ಅವನು ಆ ಕಾರ್ಯವನ್ನು ಕಿರಿಯರಿಗೆ ಬಿಟ್ಟುಕೊಟ್ಟನು. 1850ರಲ್ಲಿ ಫೂಕೋ ಮತ್ತು ಫಿಜೋ ಅದನ್ನು ಸಾಧಿಸಿ, ನೀರಿನಲ್ಲಿ ಬೆಳಕಿನ ವೇಗ ಕಡಿಮೆಯೆಂದು ತೋರಿಸಿದರು.

1848ರಲ್ಲಿ ಅರಾಗೋ ಮಂತ್ರಿಯಾಗಿದ್ದಾಗ ಫ್ರಾನ್ಸಿನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸುವ ಶಾಸನ ಹೊರಬಂದಿತು. 1852ರಲ್ಲಿ ಹೊಸ ಪ್ರಭುತ್ವಕ್ಕೆ ನಿಷ್ಠೆಯ ಪ್ರಮಾಣವಚನ ಸ್ವೀಕರಿಸಲು ಅವನು ಒಪ್ಪಲಿಲ್ಲ. ಪದವಿಯನ್ನು ತ್ಯಜಿಸಲು ಸಿದ್ಧನಾದನು. ಕೊನೆಗೆ ಪ್ರಭುತ್ವವೇ ಅವನಿಗೆ ವಿನಾಯಿತಿ ನೀಡಿತು. 1853ನೆಯ ಅಕ್ಟೋಬರ್ 2ರಂದು ಅವನು ನಿಧನ ಹೊಂದಿದನು.

ಅರಾಗೋವಿನ ಪ್ರಶ್ನೆ ಇಂದಿಗೂ ಜೀವಂತವಾಗಿದೆ. ಮ್ಯಾಗ್ನೆಟಾರ್‌ಗಳೆಂಬ, ಪ್ರಚಂಡ ಕಾಂತಶಕ್ತಿಯುಳ್ಳ ನ್ಯೂಟ್ರಾನ್ ನಕ್ಷತ್ರಗಳು ಆಗಾಗ ಕ್ಷಣಮಾತ್ರ ಕ್ಷ-ಕಿರಣಗಳನ್ನು ಸಿಡಿಸುತ್ತವೆ. ಅವುಗಳಲ್ಲಿ ಹೆಚ್ಚು ಶಕ್ತಿಯ ಫೋಟಾನುಗಳೂ ಕಡಿಮೆ ಶಕ್ತಿಯ ಫೋಟಾನುಗಳೂ ಬಂದು ಸೇರುವ ಕಾಲವನ್ನು ವಿಜ್ಞಾನಿಗಳು ಉಪಗ್ರಹಗಳಲ್ಲಿನ ಉಪಕರಣಗಳಿಂದ ಹೋಲಿಸುತ್ತಾರೆ. ವ್ಯತ್ಯಾಸ ಕಂಡರೆ, ಅದು ಹುಟ್ಟಿದ್ದು ನಕ್ಷತ್ರದಲ್ಲಿಯೋ ದಾರಿಯಲ್ಲಿಯೋ ಎಂಬುದನ್ನು ಮೊದಲು ವಿವೇಚಿಸಬೇಕಾಗುತ್ತದೆ. ಉಪಕರಣಗಳು ಬದಲಾಗಿವೆ, ಅರಾಗೋ ಹಿಡಿದ ವಿಚಾರದ ದಾರಿ ಮಾತ್ರ ಬದಲಾಗಿಲ್ಲ.