ದೇವರನ್ನರಿಯದ ದೇವರ ಸೇವಕ

ಇಸ್ರಯೇಲನಲ್ಲದ ಒಬ್ಬನೇ ಒಬ್ಬ ಅರಸನಿಗೆ ಪವಿತ್ರ ಗ್ರಂಥದಲ್ಲಿ ಸರ್ವೇಶ್ವರನ ಅಭಿಷಿಕ್ತನೆಂಬ ಬಿರುದು ಸಂದಿದೆ. ಅವನೇ ಪರ್ಷಿಯದ ಸೈರಸ್.

ಕ್ರಿಸ್ತಪೂರ್ವ 559ರ ಸುಮಾರಿಗೆ ಅನ್ಶಾನ್ ಎಂಬ ಪುಟ್ಟ ನಾಡಿನ ಪಟ್ಟವೇರಿದ ಸೈರಸ್, 550ರಲ್ಲಿ ಮೇದ್ಯರನ್ನೂ ಅನಂತರ ಲಿಡಿಯವನ್ನೂ ಗೆದ್ದು, 539ರಲ್ಲಿ ಬಾಬಿಲೋನನ್ನು ವಶಪಡಿಸಿಕೊಂಡ. ಅಲ್ಲಿ ಅರ್ಧ ಶತಮಾನದಿಂದ ಸೆರೆಯಲ್ಲಿದ್ದ ಯೆಹೂದ್ಯರಿಗೆ ಮರುವರ್ಷವೇ ತಾಯ್ನಾಡಿಗೆ ಮರಳಲು ಅಪ್ಪಣೆಯಿತ್ತ. ಜೆರುಸಲೇಮಿನ ದೇವಾಲಯದಿಂದ ಕೊಳ್ಳೆಯಾಗಿದ್ದ ಬೆಳ್ಳಿಬಂಗಾರದ ಪಾತ್ರೆಗಳನ್ನು ಹಿಂದಿರುಗಿಸಿ, ದೇವಾಲಯವನ್ನು ಮತ್ತೆ ಕಟ್ಟಿರೆಂದ.

ಹಾಗಾದರೆ ಅವನು ಭಕ್ತನೇ? ಅಲ್ಲ. ಗೆದ್ದ ಜನರ ದೇವರುಗಳನ್ನು ಗೌರವಿಸಿ ಅವರನ್ನು ಒಲಿಸಿಕೊಳ್ಳುವುದು ಅವನ ರಾಜನೀತಿ. 1879ರಲ್ಲಿ ಬಾಬಿಲೋನಿನಲ್ಲಿ ದೊರೆತ ಅವನ ಸುಟ್ಟಮಣ್ಣಿನ ಶಾಸನ, ಆ ಗೆಲುವನ್ನು ಮಾರ್ದುಕ್ ದೇವನ ಕೃಪೆ ಎನ್ನುತ್ತದೆ. ಯೆಶಾಯನ ಗ್ರಂಥವೂ ಇದನ್ನು ಮರೆಮಾಚುವುದಿಲ್ಲ. ತಮ್ಮನ್ನು ಅರಿಯದವನನ್ನೇ ದೇವರು ಹೆಸರು ಹಿಡಿದು ಕರೆದರು.

ಸೈರಸ್ 530ರಲ್ಲಿ ಮಡಿದ. ದೇವಾಲಯ ಪೂರ್ಣಗೊಂಡದ್ದು 515ರಲ್ಲಿ. ಅದನ್ನು ಅವನು ಕಾಣಲೇ ಇಲ್ಲ.

ನಿಮ್ಮ ಮನೆಯ ಕಷ್ಟಕಾಲದಲ್ಲಿ ಕೈಹಿಡಿದವರೆಲ್ಲ ನಮ್ಮ ಧರ್ಮಸಭೆಯವರೇ ಆಗಿದ್ದರೇ? ಆಸ್ಪತ್ರೆಗೆ ಜೊತೆಯಲ್ಲಿ ಓಡಿಬಂದ ನೆರೆಮನೆಯವರನ್ನು ನೆನೆಯಿರಿ. ದೇವರ ಕೈ ನಮ್ಮ ಬೇಲಿಗಿಂತ ಉದ್ದ. ಇಂದಿನ ಜಪಸರದಲ್ಲಿ ಅವರಿಗಾಗಿ ಒಂದು ನಮೋ ಮರಿಯ ಹೇಳಬಾರದೇ?