ಸೊನ್ನಲಿಗೆಯ ಸಿದ್ಧರಾಮೇಶ್ವರರ ಮುಂದಾಳುತನ

12ನೆಯ ಶತಮಾನದಲ್ಲಿ ಸೊನ್ನಲಿಗೆಯ, ಎಂದರೆ ಇಂದಿನ ಸೊಲ್ಲಾಪುರದ, ಮುದ್ದಗೌಡ ಸುಗ್ಗವ್ವೆಯರ ಉದರದಲ್ಲಿ ಜನಿಸಿದ ಸಿದ್ಧರಾಮೇಶ್ವರರು ಬಾಲ್ಯದಲ್ಲಿ ದನ ಕಾಯುತ್ತಿದ್ದರು. ಶ್ರೀಶೈಲದಲ್ಲಿ ಮಲ್ಲಿಕಾರ್ಜುನನ ದರ್ಶನ ಪಡೆದು ಮರಳಿದ ಮೇಲೆ ದೇಗುಲವನ್ನು ಕಟ್ಟಿಸಿ, 68 ಲಿಂಗಗಳನ್ನು ಸ್ಥಾಪಿಸಿ, ಲೋಕಹಿತಾರ್ಥವಾಗಿ ವಿಶಾಲವಾದ ಕೆರೆಯನ್ನು ತೋಡಿಸತೊಡಗಿದರು. ಮಣ್ಣು ಹೊರುವ ಶಿಷ್ಯಸಮೂಹಕ್ಕೆ ಅವರ ಕಣ್ಸನ್ನೆಯೇ ಆಜ್ಞೆಯಾಗಿತ್ತು. ಇಂತಹ ನಿಷ್ಠೆಯೇ ಮುಂದಾಳಿಗೆ ಒಮ್ಮೊಮ್ಮೆ ತೊಡಕಾಗುವುದುಂಟು.

ಅದನ್ನು ಕಂಡವರು ಅಲ್ಲಮಪ್ರಭುಗಳು. ಶೂನ್ಯಸಂಪಾದನೆಯು ತಿಳಿಸುವಂತೆ, ಅವರು ಕೆಲಸದ ಎಡೆಗೆ ಬಂದು ಸಿದ್ಧರಾಮರನ್ನು ಬರಿಯ ಕಲ್ಲುಮಣ್ಣಿನ ಕೆಲಸದವರೆಂಬಂತೆ ಹಗುರಾಗಿ ಕರೆದರು. ಗುರುನಿಂದೆಯಾಯಿತೆಂದು ಶಿಷ್ಯರು ಕಲ್ಲುಗಳನ್ನೆಸೆದರು. ಸುದ್ದಿ ಕೇಳಿದ ಸಿದ್ಧರಾಮರೂ ಕ್ರೋಧತಪ್ತರಾಗಿಯೇ ಬಂದರು. ಒಡೆಯನ ಮನದಲ್ಲಿದ್ದುದೇ ಆಳುಗಳ ಕೈಯಲ್ಲಿ ಕಲ್ಲಾಗಿತ್ತಲ್ಲವೇ!

ಪ್ರಭುಗಳು ಕದಲಲಿಲ್ಲ. ಮಾಡಿದವನು ತಾನೆಂಬ ಭಾವ ಉಳಿದಿರುವತನಕ ಕೆರೆ ದೇಗುಲಗಳೂ ಬಂಧನವೇ ಎಂಬುದನ್ನು ಮನಗಾಣಿಸಿದರು. ಕೆಲಸಗಾರರು ದೈವವೆಂದು ನಂಬಿದ್ದ ಪುರುಷನಿಗೆ ತನ್ನ ತಪ್ಪನ್ನೊಪ್ಪಿ ತಲೆಬಾಗುವುದು ಸುಲಭವಲ್ಲ, ಸಿದ್ಧರಾಮರು ತಲೆಬಾಗಿದರು. ಪ್ರಭುಗಳೊಡನೆ ಕಲ್ಯಾಣಕ್ಕೆ ನಡೆದು, ತಮಗಿಂತ ಕಿರಿಯರೆನ್ನಲಾದ ಚನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆಯನ್ನು ಪಡೆದರು. ಮುಂದೆ ಶೂನ್ಯಸಿಂಹಾಸನದ ಹೊಣೆಯೂ ಅವರಿಗೆ ಬಂದಿತೆಂದು ಪರಂಪರೆಯು ಹೇಳುತ್ತದೆ.

ಅವರ ಸಮಾಧಿಯು ಸೊಲ್ಲಾಪುರದಲ್ಲಿ ಆ ಕೆರೆಯ ನೀರಿನ ನಡುವೆಯೇ ಇದೆ.